ಹಾಸುವ ಹುಲ್ಲೋ, ಬಿತ್ತುವ ಹುಲ್ಲೋ?

ವರ್ಷಂಪ್ರತಿ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಯ ಗೃಹನಿರ್ಮಾಣ ಸೊಸೈಟಿಗಳಲ್ಲಿ ವಾರ್ಷಿಕ ಮಹಾಸಭೆಗಳು ಜರಗುತ್ತವೆ. ಲೆಕ್ಕಪತ್ರ, ಲಿಫ್ಟಿನ ದುರಸ್ತಿ, ನೀರಿನ ಟಾಂಕಿ, ವಾಹನಗಳ ನಿಲುಗಡೆ ಮೊದಲಾದವುಗಳ ಚರ್ಚೆ ಮುಗಿದು, ಸದಸ್ಯರು ಕುರ್ಚಿ ಬಿಟ್ಟು ಏಳುವ ಹೊತ್ತಿಗೆ ಕಟ್ಟಡದ ಎದುರಿನ ತುಂಡುಭೂಮಿಯ ಮಾತು ಬರುತ್ತದೆ. ಅಲ್ಲಿ ಹುಲ್ಲುಹಾಸು ಬೇಕೆಂಬುದರಲ್ಲಿ ಯಾರದೂ ತಕರಾರಿಲ್ಲ. ಅದನ್ನು ತರುವ ಬಗೆಯಲ್ಲಿ ಮಾತ್ರ ಸಭೆ ಇಬ್ಭಾಗವಾಗುತ್ತದೆ. ಸಿದ್ಧಗೊಂಡ ಹುಲ್ಲಿನ ಚಾಪೆಯನ್ನೇ ಕೊಂಡು ಹಾಸಿಬಿಡೋಣ ಎಂದು ಒಂದು ಪಕ್ಷ. ಬೀಜ ತಂದು ಬಿತ್ತಿದರೆ ಖರ್ಚು ಕಡಮೆ ಎಂದು ಇನ್ನೊಂದು ಪಕ್ಷ. ಬಹುಮಟ್ಟಿಗೆ ಮೊದಲ ಪಕ್ಷವೇ ಗೆಲ್ಲುತ್ತದೆ. ದೀಪಾವಳಿಯ ಹೊತ್ತಿಗೆ ಅಂಗಳ ಹಸುರಾಗುತ್ತದೆ. ಮೇ ತಿಂಗಳಿಗೆ ಅದು ತೆಂಗಿನ ನಾರಿನ ಬಣ್ಣಕ್ಕೆ ತಿರುಗುತ್ತದೆ. ಮುಂದಿನ ಮಹಾಸಭೆಗೆ ಅದೇ ಠರಾವು ಮರಳಿ ಬರುತ್ತದೆ.

ಹುಲ್ಲಿನ ವಿಷಯಕ್ಕೆ ಪತ್ರಿಕೆಯ ಅಂಕಣವೇ ಎಂದು ಕೆಲವು ವಾಚಕರು ಹುಬ್ಬೇರಿಸಿಯಾರು. ಆದರೆ ಈ ಪತ್ರಿಕೆಯನ್ನು ಓದುವವರು ಯಾರೆಂಬುದನ್ನು ನಾವು ಬಲ್ಲೆವು. ಹೋಟೆಲಿನ ಮಾಳಿಗೆಯಲ್ಲಿ ಚಾಪೆ ಬಿಡಿಸಿ ಮಲಗಿದವರು, ಚಾಳಿನ ಒಂದು ಖೋಲಿಯಲ್ಲಿ ಆರು ಮಂದಿ ಕಳೆದವರು, ಕಛೇರಿಯ ಗುಮಾಸ್ತಿಕೆಯಲ್ಲಿ ಸಾಲ ತೀರಿಸುತ್ತ ಕಲ್ಯಾಣದಲ್ಲೋ ಡೊಂಬಿವಲಿಯಲ್ಲೋ ಒಂದು ಮನೆ ಮಾಡಿಕೊಂಡವರು. ಇವರ ಪಾಲಿಗೆ ಕಟ್ಟಡದ ಎದುರಿನ ಆ ತುಂಡುಭೂಮಿಯು ಈ ಊರಿನಲ್ಲಿ ತಮ್ಮದೆಂದು ಹೇಳಿಕೊಳ್ಳಬಹುದಾದ ಮೊದಲ ಅಂಗಳ. ಅದರಲ್ಲಿ ಪ್ರತಿಯೊಬ್ಬರದೂ ಒಂದು ಪಾಲಿದೆ. ಅದಕ್ಕೆ ಸಲ್ಲುವ ಹಣವೂ ನೀರೂ ಪ್ರತಿಯೊಂದು ಮನೆಯಿಂದ ಹೋಗುತ್ತದೆ. ಹೀಗಿರುವಾಗ ಅಲ್ಲಿ ಏನನ್ನು, ಹೇಗೆ, ಯಾವಾಗ ಬೆಳೆಸಬೇಕೆಂಬ ವಿಚಾರವನ್ನು ನರ್ಸರಿಯವರ ಕೊಟೇಶನ್ನಿಗೆ ಬಿಟ್ಟುಕೊಡುವುದು ಸರಿಯಲ್ಲವೆಂದು ನಮ್ಮ ಅಭಿಮತ.

ಮೊದಲು ಈ ಎರಡು ಕ್ರಮಗಳ ಸ್ವರೂಪವನ್ನು ತಿಳಿದುಕೊಳ್ಳುವುದು ಲೇಸು. ಮಾಲಿಗಳ ಬಾಯಲ್ಲಿ ‘ಕಾರ್ಪೆಟ್’ ಎನಿಸಿಕೊಂಡಿರುವ ಹುಲ್ಲುಚಾಪೆಯೆಂದರೆ ಬೇರೆಡೆ ಬೆಳೆಸಿದ ಹುಲ್ಲನ್ನು ಎರಡು-ಮೂರು ಸೆಂಟಿಮೀಟರ್ ಮಣ್ಣಿನ ಸಮೇತ ಕತ್ತರಿಸಿ ತೆಗೆದದ್ದು. ಅದನ್ನು ಸುರುಳಿ ಸುತ್ತಿಯೋ ಚೌಕವಾಗಿ ಪೇರಿಸಿಯೋ ಟೆಂಪೋದಲ್ಲಿ ತರುತ್ತಾರೆ. ಚದರ ಅಡಿಯ ಲೆಕ್ಕದಲ್ಲಿ ಮಾರುತ್ತಾರೆ. ಬೀಜದ ಕ್ರಮದಲ್ಲಿ ನೆಲವನ್ನು ಹದಗೊಳಿಸಿ, ನಯವಾದ ಮರಳಿನೊಡನೆ ಬೀಜವನ್ನು ಬೆರಸಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಎರಚಿ, ತೆಳ್ಳಗೆ ಮಣ್ಣು ಮುಚ್ಚಿ, ಮೊಳಕೆಯೊಡೆಯುವವರೆಗೆ ಮೇಲ್ಮಣ್ಣು ಆರದಂತೆ ನೋಡಿಕೊಳ್ಳಬೇಕು. ಹೋಟೆಲಿನವರಿಗೆ ತಿಳಿಯುವಂತೆ ಹೇಳುವುದಾದರೆ ಮೊದಲನೆಯದು ಪೊಟ್ಟಣದಲ್ಲಿ ಕೊಂಡ ಇಡ್ಲಿ ಹಿಟ್ಟು, ಎರಡನೆಯದು ಅಕ್ಕಿ ಉದ್ದು ನೆನೆಸಿ ರುಬ್ಬಿ ಹುಳಿ ಬರಿಸಿದ ಹಿಟ್ಟು.

ಹುಲ್ಲುಚಾಪೆಯ ಪರವಾಗಿ ಹೇಳಬಹುದಾದ ಮಾತುಗಳು ಇಲ್ಲದಿಲ್ಲ. ಬೆಳಗ್ಗೆ ಕೆಂಪು ಮಣ್ಣಾಗಿದ್ದ ನೆಲ ಸಾಯಂಕಾಲಕ್ಕೆ ಹಸುರಾಗುತ್ತದೆ. ಕಳೆ ಏಳುವುದಕ್ಕೆ ಎಡೆ ಕಡಮೆ. ಇಳಿಜಾರಿನ ನೆಲದಲ್ಲಿ ಮಣ್ಣು ಕೊಚ್ಚಿಹೋಗದಂತೆ ಅದು ಒಡನೆಯೇ ತಡೆಯುತ್ತದೆ. ಇನ್ನು ಕೆಲವು ಜಾತಿಯ ಹುಲ್ಲಿಗೆ ಬೀಜವೆಂಬುದೇ ಇಲ್ಲ. ಅಮೇರಿಕೆಯ ಜಾರ್ಜಿಯಾ ಪ್ರಾಂತದ ಟಿಫ್ಟನ್ ಎಂಬಲ್ಲಿ ಗ್ಲೆನ್ ಬರ್ಟನ್ ಎಂಬ ಶಾಸ್ತ್ರಜ್ಞರು ೧೯೬೦ರಲ್ಲಿ ಹೊರತಂದ ‘ಟಿಫ್‌ವೇ’ ಎಂಬ ಪ್ರಸಿದ್ಧ ತಳಿಯು ನಮ್ಮ ಗರಿಕೆಗೂ ಆಫ್ರಿಕೆಯ ಅದರ ದಾಯಾದಿಗೂ ಹುಟ್ಟಿದ ಸಂಕರ. ಅದು ಬೀಜ ಕಟ್ಟದು. ಅಂಥ ತಳಿಯನ್ನು ಚಾಪೆಯಿಂದಲೋ ಕುಡಿಯಿಂದಲೋ ಬೆಳೆಸಬೇಕೇ ಹೊರತು ಬೇರೆ ದಾರಿಯಿಲ್ಲ. ಆ ಹೆಸರಿನ ಬೀಜವೆಂದು ಯಾರಾದರೂ ಪೊಟ್ಟಣ ಮಾರಬಂದರೆ ಕೊಳ್ಳುವವರು ಎಚ್ಚರದಿಂದಿರಬೇಕು.

ಆದರೆ ಚಾಪೆಯ ಗುಣವು ಅದರ ಕೆಳಗಿನ ನೆಲದ ಗುಣವನ್ನು ಮೀರಲಾರದು. ಹಾಸಿದ ಚಾಪೆಯ ಬೇರು ಎರಡು ವಾರಗಳಲ್ಲಿ ಕೆಳಮಣ್ಣಿಗೆ ಇಳಿಯಬೇಕು. ನಮ್ಮ ಕಟ್ಟಡಗಳ ಸುತ್ತಲಿನ ಕೆಳಮಣ್ಣು ಎಂಥದ್ದು? ೧೯೭೦ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪನೆಯಾಗಿ ನವಿಮುಂಬಯಿಯ ನಿರ್ಮಾಣ ಆರಂಭವಾದಾಗ ಖಾರಿಯ ಅಂಚಿನ ಬಹಳಷ್ಟು ಜೌಗುನೆಲವನ್ನು ಮುರ್ರಂ ಕಲ್ಲುಮಣ್ಣು ಹೊಡೆದು ಎತ್ತರಿಸಲಾಯಿತು. ಡೊಂಬಿವಲಿ, ಕಲ್ಯಾಣಗಳಲ್ಲಿ ಭತ್ತದ ಗದ್ದೆಗಳ ಮೇಲೆ ಕಟ್ಟಡಗಳೆದ್ದವು. ಎಲ್ಲಿಯೇ ಆಗಲಿ, ಕಟ್ಟಡ ಮುಗಿದ ಮೇಲೆ ಇಟ್ಟಿಗೆಯ ಚೂರು, ಗಾರೆ, ಪ್ಲಾಸ್ಟರು, ಒಡೆದ ಟೈಲ್ಸು ಎಲ್ಲವೂ ಅದೇ ತುಂಡುಭೂಮಿಯಲ್ಲಿ ಹೂತುಹೋಗಿರುತ್ತವೆ. ಅದರ ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು ಸುರಿದು ಹಾಸಿದ ಹುಲ್ಲು ಬಾಡಿಗೆಗೆ ತಂದ ಶಾಮಿಯಾನದಂತೆ ನೆಲಕ್ಕೆ ತಾಗಿಕೊಂಡಿರುತ್ತದೆಯೇ ವಿನಾ ನೆಲವನ್ನು ಹಿಡಿಯುವುದಿಲ್ಲ. ಮಳೆ ನಿಂತು ಬಿಸಿಲು ಬಲಿತಾಗ ಅದರ ಅಂಚುಗಳು ಎದ್ದು ಬರುತ್ತವೆ.

ಬೀಜದ ಕಡೆಗೆ ಬರೋಣ. ಗರಿಕೆಯ ಬೀಜ ಅತಿ ಸಣ್ಣದು. ಒಂದು ಕಿಲೋಗ್ರಾಮಿನಲ್ಲಿ ಮೂವತ್ತು-ನಲವತ್ತು ಲಕ್ಷ ಕಾಳುಗಳಿರುತ್ತವೆ. ನೂರು ಚದರ ಮೀಟರ್ ಅಂಗಳಕ್ಕೆ ಒಂದು ಕಿಲೋ ಧಾರಾಳವಾಯಿತು. ಚಾಪೆಯ ಬೆಲೆಯ ಮುಂದೆ ಇದರ ಖರ್ಚು ಅತ್ಯಲ್ಪ. ಆದರೆ ಅಷ್ಟು ಸಣ್ಣ ಕಾಳನ್ನು ಅರ್ಧ ಸೆಂಟಿಮೀಟರಿಗಿಂತ ಆಳದಲ್ಲಿ ಹೂತರೆ ಅದು ಮೇಲೇಳದು. ಮೇಲೆ ಬಿಟ್ಟರೆ ಇರುವೆ, ಗುಬ್ಬಚ್ಚಿ, ಪಾರಿವಾಳಗಳ ಪಾಲು. ಮೊಳಕೆಯೊಡೆಯಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಆ ಅವಧಿಯಲ್ಲಿ ದಿನಕ್ಕೆ ಎರಡು-ಮೂರು ಬಾರಿ ಹೂದೋಟದ ಜಾರಿಯಿಂದ ನವಿರಾಗಿ ನೀರು ಚಿಮುಕಿಸಬೇಕು. ಮಳೆಗಾಲದಲ್ಲಿ ಬಿತ್ತಿದರಾಯಿತಲ್ಲ ಎನ್ನುವವರು ನಮ್ಮ ಮಳೆಯ ಸ್ವಭಾವವನ್ನು ನೆನೆಯಬೇಕು. ೨೦೦೫ನೆಯ ಇಸವಿ ಜುಲೈ ೨೬ರಂದು ಸಾಂತಾಕ್ರೂಜ್ ವೇಧಶಾಲೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ದಾಖಲಾಯಿತು. ಅಂಥ ದಿನ ಅಪರೂಪವೆಂಬುದು ನಿಜ. ಆದರೆ ಜುಲೈ ತಿಂಗಳ ಸಾಧಾರಣ ಮಳೆಯೇ ಹೊಸ ಬೀಜವನ್ನು ಗಟಾರಕ್ಕೆ ಕೊಂಡೊಯ್ಯಲು ಸಾಕು.

ಈ ತೊಡಕಿನ ಮೂಲ ಬೇರೆಡೆ ಇದೆ. ಹುಲ್ಲುಹಾಸೆಂಬ ಕಲ್ಪನೆ ನಮಗೆ ಬಂದದ್ದು ಆಂಗ್ಲರ ನಾಡಿನಿಂದ. ಲಂಡನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರ್; ಆದರೆ ಅದು ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿಹೋಗಿದೆ. ನಮ್ಮ ಠಾಣೆ ಜಿಲ್ಲೆಯಲ್ಲಿ ೨,೦೦೦ ಮಿಲಿಮೀಟರಿಗೂ ಮಿಕ್ಕಿ ಬೀಳುತ್ತದೆ. ಆದರೆ ಬಹುತೇಕ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಮಿಕ್ಕ ಎಂಟು ತಿಂಗಳು ಬರಿಯ ಬಿಸಿಲು. ನಾಲ್ಕು ತಿಂಗಳು ಮುಳುಗಿ ಎಂಟು ತಿಂಗಳು ಒಣಗುವ ನೆಲಕ್ಕೆ ಲಂಡನಿನ ಕ್ರಮವನ್ನು ತಂದು ಹೊಂದಿಸುವುದು ಕಷ್ಟ. ಇಂಥ ನೆಲದಲ್ಲಿ ಬೇಸಾಯ ಮಾಡಿದ ನಮ್ಮ ಹಿರಿಯರು ಭತ್ತವನ್ನು ಹೇಗೆ ಬೆಳೆಸಿದರು ಎಂಬುದನ್ನು ನೋಡಿದರೆ ಬೇರೊಂದು ದಾರಿ ತೋರುತ್ತದೆ.

ಆ ದಾರಿಯೆಂದರೆ ನಾಟಿ. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ಬಂದ ವಾಚಕರಿಗೆ ನೇಜಿ ನೆಡುವುದನ್ನು ನಾವು ವಿವರಿಸಬೇಕಾಗಿಲ್ಲ. ಗರಿಕೆಯನ್ನೂ ಹಾಗೆಯೇ ನೆಡಬಹುದು. ಗರಿಕೆ ನೆಲದ ಮೇಲೆ ಬಳ್ಳಿಯಂತೆ ಹರಿದು ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ನೆಲದೊಳಗೂ ಕಾಂಡ ಚಾಚುತ್ತದೆ. ಎರಡು-ಮೂರು ಗೆಣ್ಣುಗಳುಳ್ಳ ಬೇರುಸಹಿತ ಕುಡಿಗಳನ್ನು ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ನೆನೆದ ಮೇಲೆ ನಾಲ್ಕು ಬೆರಳಿಗೊಂದರಂತೆ ಊರುತ್ತ ಹೋಗಬೇಕು. ಮಳೆ ತನ್ನ ಕೆಲಸವನ್ನು ತಾನು ಮಾಡುತ್ತದೆ. ಬೇರಿದ್ದ ಕುಡಿ ಬೀಜದಂತೆ ಕೊಚ್ಚಿಹೋಗದು. ಜೂನ್ ನಡುವಿನಲ್ಲಿ ನೆಟ್ಟರೆ ಗಣೇಶ ಚತುರ್ಥಿಯ ಹೊತ್ತಿಗೆ ನೆಲ ಬಹುಪಾಲು ಮುಚ್ಚಿರುತ್ತದೆ. ಕುಡಿಗಳಿಗಾಗಿ ಹುಲ್ಲುಚಾಪೆಯನ್ನೇ ಕೊಂಡರೂ ನಷ್ಟವಿಲ್ಲ. ಅದನ್ನು ಬಿಡಿಸಿ ತುಂಡುಮಾಡಿ ನೆಟ್ಟರೆ ಅದರ ಐದಾರು ಪಟ್ಟು ನೆಲಕ್ಕೆ ಸಾಕಾಗುತ್ತದೆ.

ತೋಟಗಾರಿಕೆಯ ಪುಸ್ತಕಗಳಲ್ಲಿ ಇನ್ನೊಂದು ಕ್ರಮವನ್ನೂ ಹೇಳಿದ್ದಾರೆ. ಗರಿಕೆಯ ಕುಡಿಗಳನ್ನು ಸಣ್ಣಗೆ ಕೊಚ್ಚಿ, ಹಸಿ ಸಗಣಿ ಮತ್ತು ತೋಟದ ಮಣ್ಣಿನೊಡನೆ ನೀರು ಸೇರಿಸಿ ಗಟ್ಟಿಯಾಗಿ ಕಲಸಿ, ಒದ್ದೆ ನೆಲದ ಮೇಲೆ ಒಂದು ಅಂಗುಲ ದಪ್ಪಕ್ಕೆ ಬಳಿಯುವುದು. ಊರಿನ ಅಂಗಳಕ್ಕೆ ಸಗಣಿ ಸಾರಿಸುವುದನ್ನು ಬಾಲ್ಯದಲ್ಲಿ ಕಂಡವರಿಗೆ ಇದು ಹೊಸತೆನಿಸದು. ಸಗಣಿ ದೊರೆಯುವ ಎಡೆಯಲ್ಲಿ, ಕಲ್ಯಾಣದ ಆಚೆಯ ಹಳ್ಳಿಗಳಿಗೆ ಹತ್ತಿರವಿರುವ ಸೊಸೈಟಿಗಳಲ್ಲಿ, ಇದನ್ನು ಮಾಡಿನೋಡಬಹುದು.

ಗರಿಕೆಯನ್ನೇ ಏಕೆ ಹಿಡಿದಿರಿ, ಮೆಕ್ಸಿಕನ್, ಕೊರಿಯನ್ ಎಂದು ನಯವಾದ ಹುಲ್ಲುಗಳು ನರ್ಸರಿಗಳಲ್ಲಿ ಇಲ್ಲವೇ ಎಂದು ಕೇಳಬಹುದು. ಇವೆ, ನೋಡಲು ಅಂದವಾಗಿಯೂ ಇವೆ. ಆದರೆ ಕಡಮೆ ಆರೈಕೆಯಲ್ಲಿ, ಹೆಚ್ಚು ತುಳಿತದಲ್ಲಿ ಬದುಕುವ ಶಕ್ತಿ ಗರಿಕೆಗೆ ವಿಶೇಷವಾಗಿದೆ. ಹೊಲದಲ್ಲಿ ಗರಿಕೆ ಹೊಕ್ಕಿತೆಂದು ರೈತ ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳುತ್ತಾನೆ. ಎಷ್ಟು ಕಿತ್ತರೂ ಅದು ಹೋಗುವುದಿಲ್ಲ. ಆ ಹಟವೇ ಇಲ್ಲಿ ನಮಗೆ ಬೇಕಾದದ್ದು. ಉಪ್ಪಿನಂಶವುಳ್ಳ ಮಣ್ಣನ್ನೂ ಅದು ಒಂದು ಮಟ್ಟಿಗೆ ಸಹಿಸುತ್ತದೆಯಾದುದರಿಂದ ಖಾರಿಯ ಅಂಚಿನ ನೆಲಕ್ಕೂ ಹೊಂದುತ್ತದೆ. ಬಿಸಿಲು ಮಾತ್ರ ಅದಕ್ಕೆ ಬೇಕು. ಎರಡು ಕಟ್ಟಡಗಳ ನಡುವಿನ ನೆರಳಿನಲ್ಲಿ, ಮರದ ಬುಡದಲ್ಲಿ ಗರಿಕೆಯಾಗಲಿ ಕಾರ್ಪೆಟ್ಟಾಗಲಿ ದಂಡ. ಅಂಥ ತಂಪು ನೆರಳಿನಲ್ಲಿ ಒಂದೆಲಗವನ್ನು ಹಬ್ಬಿಸಿದರೆ ನೆಲವೂ ಮುಚ್ಚುತ್ತದೆ, ವಾರಕ್ಕೊಂದು ದಿನ ತಂಬುಳಿಗೂ ಆಗುತ್ತದೆ.

ಇಷ್ಟನ್ನು ತಿಳಿದ ಮೇಲೆ ಕಾಲದ ಪ್ರಶ್ನೆ ಬರುತ್ತದೆ. ಎಲ್ಲ ತೊಂದರೆಗಳಿಗೂ ಕಾರಣ ಅಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ. ಸಹಕಾರಿ ಕಾನೂನಿನಂತೆ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ೩೦ರೊಳಗೆ ನಡೆಯಬೇಕು. ಸಭೆ ಠರಾವು ಮಾಡಿ, ಕೊಟೇಶನ್ ತರಿಸಿ, ಕಮಿಟಿ ಕುಳಿತು ಒಪ್ಪಿ, ಕೆಲಸ ಆರಂಭವಾಗುವಾಗ ಅಕ್ಟೋಬರ್ ಬಂದಿರುತ್ತದೆ. ಅಂದರೆ ಮಳೆ ಹೊರಟುಹೋಗಿರುತ್ತದೆ. ಹುಲ್ಲನ್ನು ನೆಡಬೇಕಾದ ಕಾಲದಲ್ಲಿ ಮಾತನಾಡಿ, ನೆಡಬಾರದ ಕಾಲದಲ್ಲಿ ನೆಡುತ್ತೇವೆ. ಆಗ ಬೀಜವೂ ಕುಡಿಯೂ ಹೊಂದದೆ ಕಾರ್ಪೆಟ್ಟೊಂದೇ ಗತಿಯೆಂಬಂತೆ ತೋರುತ್ತದೆ. ಇದಕ್ಕೆ ಪರಿಹಾರ ಸುಲಭ. ಸೆಪ್ಟೆಂಬರಿನಲ್ಲಿ ಠರಾವು ಮಾಡಿದರೂ ಕೆಲಸವನ್ನು ಮುಂದಿನ ಬೇಸಗೆಗೆ ಇಟ್ಟುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಅಡಿ ಅಗೆಸಿ ಕಲ್ಲು ಗಾರೆಗಳನ್ನು ಹೊರಹಾಕಿಸಬೇಕು. ಕೊನ್ನಾರಿ ಗಡ್ಡೆಯನ್ನು ಆರಿಸಿ ತೆಗೆಸಬೇಕು. ಮಣ್ಣನ್ನು ಬಿಸಿಲಿಗೆ ಒಣಗಲು ಬಿಟ್ಟು, ಕಳಿತ ಗೊಬ್ಬರ ಸೇರಿಸಿ, ಕಟ್ಟಡದಿಂದ ನೀರು ಹೊರಕ್ಕೆ ಹರಿಯುವಂತೆ ನೂರು ಅಡಿಗೆ ಒಂದೆರಡು ಅಡಿ ಇಳಿಜಾರು ಕೊಡಿಸಬೇಕು. ಜೂನಿನಲ್ಲಿ ನಾಟಿ. ಮುಂದಿನ ಮಹಾಸಭೆ ಸೇರುವಾಗ ಸದಸ್ಯರು ಹುಲ್ಲನ್ನು ಕಣ್ಣಾರೆ ಕಂಡು ಲೆಕ್ಕ ಕೇಳಬಹುದು.

ಇನ್ನು ನೀರಿನ ಲೆಕ್ಕ. ಹುಲ್ಲು ಬೇಸಗೆಯಲ್ಲಿ ಹಸುರಾಗಿ ಉಳಿಯಲು ದಿನಕ್ಕೆ ನಾಲ್ಕು ಮಿಲಿಮೀಟರಿನಷ್ಟು ನೀರು ಬೇಕೆಂದಿಟ್ಟುಕೊಳ್ಳೋಣ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ನೂರು ಚದರ ಮೀಟರ್ ಅಂಗಳಕ್ಕೆ ದಿನಕ್ಕೆ ೪೦೦ ಲೀಟರ್ ಆಯಿತು. ನಗರದ ನೀರು ಸರಬರಾಜಿನ ಯೋಜನೆಗಳಲ್ಲಿ ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಹಿಡಿಯುವ ಪ್ರಮಾಣ ೧೩೫ ಲೀಟರ್. ಅಂದರೆ ಅಷ್ಟು ಚಿಕ್ಕ ಅಂಗಳವು ಮೂವರು ಮನುಷ್ಯರ ನೀರನ್ನು ಕುಡಿಯುತ್ತದೆ. ಅಕ್ಟೋಬರಿನಿಂದ ಮೇ ತಿಂಗಳವರೆಗಿನ ೨೪೦ ದಿನಗಳಿಗೆ ಅದು ೯೬,೦೦೦ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳು ಹತ್ತು ಬಂದರೆ ಸರಿಹೋಗುತ್ತದೆ. ವಾರಕ್ಕೊಂದು ದಿನ ನಲ್ಲಿ ಬಂದ್ ಆಗುವ ವರ್ಷಗಳಲ್ಲಿ ಮನೆಯ ಹೆಂಗಸರು ಬಕೆಟ್ಟು ಪಾತ್ರೆಗಳಲ್ಲಿ ನೀರು ತುಂಬಿಸಿಡುವಾಗ ಕೆಳಗೆ ಪೈಪಿನಿಂದ ಕಾರ್ಪೆಟ್ಟಿಗೆ ನೀರು ಬಿಡುವುದನ್ನು ನಾವು ಯಾವ ಮುಖದಿಂದ ಸಮರ್ಥಿಸೋಣ?

ಈ ನೀರು ಎಲ್ಲಿಂದ ಬರುತ್ತದೆ ಎಂಬುದನ್ನೂ ಅರಿತಿರಬೇಕು. ಬದಲಾಪುರದ ಬಳಿಯ ಬಾರ್ವಿ ಅಣೆಕಟ್ಟಿನಿಂದ ಡೊಂಬಿವಲಿಯ ಕಡೆಗೂ, ಮೊರ್ಬೆ ಅಣೆಕಟ್ಟಿನಿಂದ ನವಿಮುಂಬಯಿಗೂ ನೀರು ಹರಿಯುತ್ತದೆ. ಮುಂಬಯಿಗೂ ಠಾಣೆಗೂ ನೀರುಣಿಸುವ ಭಾತ್ಸಾ ಅಣೆಕಟ್ಟು ಇರುವುದು ನಮ್ಮದೇ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ. ತಾನ್ಸಾ ಸರೋವರವೂ ಅಲ್ಲಿಯೇ. ಅದೇ ತಾಲೂಕಿನ ಹಳ್ಳಿಪಾಡಿಗಳಲ್ಲಿ ಬೇಸಗೆ ಬಂತೆಂದರೆ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುತ್ತಾರೆ. ಕೆರೆಯ ದಡದಲ್ಲಿರುವವರ ಕೊಡ ಬರಿದಾಗಿರುವಾಗ ಅದೇ ಕೆರೆಯ ನೀರನ್ನು ಹುಲ್ಲಿಗೆ ಎರೆಯುವ ಹಕ್ಕು ನಮಗೆ ದುಡ್ಡು ಕೊಟ್ಟ ಮಾತ್ರಕ್ಕೆ ಬಂದುಬಿಡುವುದಿಲ್ಲ.

ಆದುದರಿಂದ ಹುಲ್ಲುಹಾಸಿನ ವಿಸ್ತಾರವನ್ನು ನಿರ್ಧರಿಸುವಾಗ ಜಾಗ ಎಷ್ಟಿದೆ ಎಂಬುದರ ಜೊತೆಗೆ ಉಳಿಕೆಯ ನೀರು ಎಷ್ಟಿದೆ ಎಂಬುದನ್ನೂ ನೋಡಬೇಕು. ಮನೆಮನೆಯ ನೀರು ಶುದ್ಧೀಕರಣ ಯಂತ್ರಗಳಿಂದ ಪೋಲಾಗುವ ನೀರು, ಅಕ್ಕಿ ತರಕಾರಿ ತೊಳೆದ ನೀರು, ಬಾವಿಯಿದ್ದಲ್ಲಿ ಬಾವಿಯ ನೀರು ಇವುಗಳಿಂದ ಎಷ್ಟು ನೆಲ ಬದುಕೀತೋ ಅಷ್ಟೇ ಸಾಕು. ನವಿಮುಂಬಯಿ ನಗರಪಾಲಿಕೆಯು ಶುದ್ಧೀಕರಿಸಿದ ಕೊಳಚೆನೀರನ್ನು ಉದ್ಯಾನಗಳಿಗೆ ಬಳಸುವ ಪದ್ಧತಿಯನ್ನು ಇಟ್ಟುಕೊಂಡಿದೆ. ದೊಡ್ಡ ಸೊಸೈಟಿಗಳು ತಮ್ಮಲ್ಲಿರುವ ಶುದ್ಧೀಕರಣ ಘಟಕವನ್ನು ನಿಲ್ಲಿಸಿಡದೆ ನಡೆಸಿದರೆ ಅದೇ ಮಾರ್ಗವನ್ನು ಹಿಡಿಯಬಹುದು. ನೀರು ಸಾಲದ ವರ್ಷ ಗರಿಕೆಯನ್ನು ಒಣಗಲು ಬಿಡಬೇಕು. ಒಣಗಿದ ಗರಿಕೆ ಸತ್ತಿರುವುದಿಲ್ಲ. ನೆಲದೊಳಗಿನ ಕಾಂಡದಲ್ಲಿ ಜೀವ ಹಿಡಿದುಕೊಂಡು ಮೊದಲ ಮಳೆಗೆ ಚಿಗುರುತ್ತದೆ. ಮೇ ತಿಂಗಳಲ್ಲಿ ಅಂಗಳ ಕಂದುಬಣ್ಣಕ್ಕಿದ್ದರೆ ಅದನ್ನು ಸೊಸೈಟಿಯ ಅವಮಾನವೆಂದು ಯಾರೂ ತಿಳಿಯಬೇಕಾಗಿಲ್ಲ.

ಹಣದ ಮಾತು ಇದೆ. ನೂರು ಚದರ ಮೀಟರೆಂದರೆ ೧೦೭೬ ಚದರ ಅಡಿ; ಚದರ ಅಡಿಗೆ ಒಂದು ರೂಪಾಯಿ ಹೆಚ್ಚಾದರೂ ಸಾವಿರದ ಮೇಲೆ ಹೋಯಿತು. ಮಹಾರಾಷ್ಟ್ರದ ಗೃಹನಿರ್ಮಾಣ ಸಂಘಗಳ ಮಾದರಿ ಉಪನಿಯಮಗಳ ಪ್ರಕಾರ ಕಾವಲುಗಾರ, ಲಿಫ್ಟ್‌ಮನ್, ಮಾಲಿ ಮೊದಲಾದವರ ಸಂಬಳವು ಸೇವಾಶುಲ್ಕದಲ್ಲಿ ಸೇರಿ ಎಲ್ಲ ಮನೆಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಮೂರು ಬೆಡ್‌ರೂಮಿನ ಮನೆಯವರಿಗೂ ಒಂದು ಕೋಣೆ ಅಡುಗೆಮನೆಯವರಿಗೂ ಒಂದೇ ದರ. ನಿಯಮವು ನ್ಯಾಯವಾದದ್ದೇ. ಆದರೆ ಸಮಾನವಾಗಿ ಹಣ ಕೊಡುವವರು ಸಮಾನವಾಗಿ ಮಾತನ್ನೂ ಆಡಬೇಕು. ನಮ್ಮ ಹೋಟೆಲ್ ನೌಕರರು ಮಾತನಾಡುವುದಿಲ್ಲ. ಏಕೆಂದರೆ ಸಭೆ ಸೇರುವುದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ. ಗುಮಾಸ್ತರಿಗೆ ಅದು ರಜೆಯ ದಿನ. ಗಲ್ಲಾದ ಹಿಂದೆ ವರ್ಷಾನುವರ್ಷ ಕುಳಿತ ನಮಗೆ ಗೊತ್ತು, ಹೋಟೆಲಿನಲ್ಲಿ ಅದೇ ಹೊತ್ತಿಗೆ ಭಟ್ಟಿಯ ಮುಂದೆ ಉಸಿರುಬಿಡಲು ಪುರುಸೊತ್ತಿರುವುದಿಲ್ಲ. ಯಾವ ಮಾಲಕನೂ ಆಗ ರಜೆ ಕೊಡಲಾರ. ಸಭೆಯನ್ನು ಹೋಟೆಲಿನವರಿಗೂ ಅನುಕೂಲವಾಗುವ ಹೊತ್ತಿಗೆ, ಊಟದ ಗಿರಾಕಿ ಕಡಮೆಯಾಗಿ ಚಹಾದ ಗಿರಾಕಿ ಬರುವ ಮುಂಚಿನ ಅಪರಾಹ್ನಕ್ಕೆ ಇರಿಸಬೇಕೆಂದು ಕಾರ್ಯದರ್ಶಿಗಳನ್ನು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದೂ ಆಗದಿದ್ದರೆ ತಮ್ಮ ಅಭಿಪ್ರಾಯವನ್ನು ಒಂದು ಕಾಗದದಲ್ಲಿ ಬರೆದು ಸಭೆಗೆ ಮುಂಚಿತವಾಗಿ ಕೊಟ್ಟು ಸಹಿ ಪಡೆದಿರಲಿ.

ಘೋಡ್‌ಬಂದರ್ ರಸ್ತೆ, ಕಲ್ಯಾಣ-ಶೀಳ್ ರಸ್ತೆ, ಖಾರ್ಘರ್‌ಗಳಲ್ಲಿ ಎದ್ದಿರುವ ಹೊಸ ಗೋಪುರಗಳ ವಿಷಯ ಕೊಂಚ ಬೇರೆ. ಅಲ್ಲಿ ಉದ್ಯಾನವು ನೆಲದ ಮೇಲಿರದೆ ವಾಹನಗಳ ನಿಲುಗಡೆಯ ಛಾವಣಿಯ ಮೇಲಿರುತ್ತದೆ. ಮನೆ ಮಾರುವ ದಿನಗಳಲ್ಲಿ ಬಿಲ್ಡರರು ಅಲ್ಲಿ ಕಾರ್ಪೆಟ್ ಹಾಸಿ ತೋರಿಸುತ್ತಾರೆ. ಅದನ್ನು ಬದುಕಿಸುವ ಭಾರ ಮುಂದೆ ಸೊಸೈಟಿಯದು. ಅಲ್ಲಿ ಮಣ್ಣು ತೆಳ್ಳಗಿರುವುದರಿಂದ ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ನೀರು ಹೆಚ್ಚು ಬಿಟ್ಟರೆ ಕೆಳಗಿನ ಸ್ಲ್ಯಾಬು ಸೋರುವ ಭಯ. ಕಟ್ಟಡದ ಅಧಿಕಾರವನ್ನು ವಹಿಸಿಕೊಳ್ಳುವ ಮುನ್ನ ಆ ಮಣ್ಣಿನ ಆಳವೆಷ್ಟು, ನೀರು ಹೊರಹೋಗುವ ದಾರಿ ಯಾವುದು, ಸೋರದಂತೆ ಮಾಡಿದ ಕೆಲಸಕ್ಕೆ ಜವಾಬು ಯಾರದು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಕ್ಷೇಮ.

ನಮ್ಮ ವಾದಕ್ಕೆ ಎದುರಾಗಿ ಒಂದು ಮಾತು ಕೇಳಿಬಂದೀತು. ನಾಟಿ ಮಾಡಿದರೆ ಎರಡು-ಮೂರು ತಿಂಗಳು ಅಂಗಳ ಕೆಸರಾಗಿರುತ್ತದೆ; ಮಕ್ಕಳು ಅದೇ ಕೆಸರಿನ ಕಾಲಿನಲ್ಲಿ ಮೆಟ್ಟಲು ಹತ್ತುತ್ತಾರೆ; ಮುದುಕರು ಜಾರಿ ಬೀಳುತ್ತಾರೆ ಎಂದು. ಇದು ತಳ್ಳಿಹಾಕುವ ಮಾತಲ್ಲ. ಕಾರ್ಪೆಟ್ಟಿಗೆ ಇಲ್ಲಿ ಉಚಿತವಾದ ಸ್ಥಾನವಿದೆ. ನಡೆಯುವ ದಾರಿಯ ಎರಡೂ ಅಂಚಿಗೆ, ಮೆಟ್ಟಲಿನ ಬುಡಕ್ಕೆ, ಮಣ್ಣು ಜರಿಯುವ ಇಳಿಜಾರಿಗೆ ಒಂದೊಂದು ಅಡಿ ಅಗಲದ ಚಾಪೆಯನ್ನು ಹಾಸಿ, ನಡುವಿನ ವಿಶಾಲವಾದ ನೆಲದಲ್ಲಿ ಕುಡಿ ನೆಟ್ಟರೆ ಕೆಸರು ಹೊರಕ್ಕೆ ಬಾರದು, ಖರ್ಚೂ ಮಿತದಲ್ಲಿರುತ್ತದೆ. ಚಾಪೆಯನ್ನು ಕತ್ತರಿಸಿದ ದಿನವೇ ತರಿಸಿ, ಅಂದೇ ಹಾಸಿ, ಅಂದೇ ನೀರು ಬಿಡಬೇಕು. ಪೇರಿಸಿಟ್ಟ ಹುಲ್ಲು ಒಳಗೇ ಕಾವೇರಿ ಹಳದಿಯಾಗುತ್ತದೆ. ಇಟ್ಟಿಗೆ ಕಟ್ಟುವಾಗ ಮಾಡುವಂತೆ ಸಾಲುಸಾಲಿನ ಸಂದುಗಳು ಒಂದರ ನೇರಕ್ಕೊಂದು ಬಾರದ ಹಾಗೆ ಹಾಸಬೇಕು. ಬೀಜವನ್ನು ಕೈಲಿಟ್ಟುಕೊಂಡಿದ್ದು, ಮಳೆ ಇಳಿಮುಖವಾದ ಮೇಲೆ, ನೆಲ ಇನ್ನೂ ಹಸಿಯಾಗಿರುವಾಗ, ಬೋಳಾಗಿ ಉಳಿದ ಎಡೆಗಳಿಗೆ ಎರಚಬಹುದು. ಹೀಗೆ ಮೂರು ಕ್ರಮಗಳಿಗೂ ಅವವುಗಳ ಎಡೆಯುಂಟು.

ಹುಲ್ಲು ಬೆಳೆದ ಮೇಲೆ ನಡೆಯುವ ಅನ್ಯಾಯವೊಂದನ್ನು ಹೇಳದೆ ಇರಲಾರೆವು. ಕಾರ್ಪೆಟ್ ಹಾಸಿದ ಮರುದಿನವೇ ‘ಹುಲ್ಲಿನ ಮೇಲೆ ನಡೆಯಬಾರದು’ ಎಂಬ ಫಲಕ ಬರುತ್ತದೆ. ಮೊದಲ ಕೆಲವು ವಾರ ಅದು ಸರಿ. ಆದರೆ ವರ್ಷಗಳುರುಳಿದರೂ ಫಲಕ ಅಲ್ಲಿಯೇ ಉಳಿಯುತ್ತದೆ. ಖರ್ಚು ಹೆಚ್ಚಾದಷ್ಟೂ ಕಾವಲು ಹೆಚ್ಚು. ಎರಡು ಕೋಣೆಗಳ ಮನೆಯಲ್ಲಿ ಬೆಳೆಯುವ ಮಕ್ಕಳು ಆಡುವುದೆಲ್ಲಿ? ಗಂಡನೂ ಮಗನೂ ಲೋಕಲ್ ಹಿಡಿದು ಹೋದ ಮೇಲೆ ಊರಿನಿಂದ ಬಂದ ಅಜ್ಜಿ ಒಂದಿಷ್ಟು ಹೊತ್ತು ಕಾಲು ಚಾಚಿ ಕುಳಿತುಕೊಳ್ಳುವುದೆಲ್ಲಿ? ಚೆಂಡಾಟದ ಮೈದಾನಗಳಲ್ಲಿ ಹಲವೆಡೆ ಗರಿಕೆಯ ತಳಿಗಳನ್ನು ಬೆಳೆಸುವುದು ಅದು ತುಳಿತವನ್ನು ತಾಳುತ್ತದೆಂಬ ಕಾರಣಕ್ಕಾಗಿ. ತುಳಿದು ಸವೆದ ಎಡೆ ಒಂದು ಮಳೆಗಾಲದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಅಂಥ ಹುಲ್ಲಿಗೆ ಫಲಕದ ರಕ್ಷಣೆ ಬೇಡ.

ಊರಿನಲ್ಲಿ ಹೊಸ ಮನೆ ಕಟ್ಟಿಸುತ್ತಿರುವ ವಾಚಕರೂ ಇದ್ದಾರೆ. ಅವರಲ್ಲಿ ಹಲವರು ಇಲ್ಲಿನ ಗೋಪುರಗಳನ್ನು ಕಂಡು ಅಲ್ಲಿಯೂ ಅಂಗಳಕ್ಕೆ ಕಾರ್ಪೆಟ್ ಹಾಸಿಸುವ ಆಸೆಯಿಟ್ಟುಕೊಂಡಿದ್ದಾರೆ. ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿರುವ ಮನೆಯ ಮುಂದೆ ಹುಲ್ಲಿಗೆ ನೀರು ಬಿಡುವವರಾರು? ಭತ್ತ, ಅಡಿಕೆ, ಹಪ್ಪಳ ಒಣಗಿಸಿದ ಅಂಗಳ ಅಂಗಳವಾಗಿಯೇ ಇರಲಿ. ತೋಟದ ಬದುವಿನಲ್ಲಿ ಗರಿಕೆ ಕರೆಯದೆಯೇ ಬಂದಿರುತ್ತದೆ.

ಕೊನೆಯದಾಗಿ ನಮ್ಮ ಸೂಚನೆಯನ್ನು ಸಂಕ್ಷೇಪವಾಗಿ ಇಡುತ್ತೇವೆ. ಮುಂದಿನ ಮಹಾಸಭೆಯಲ್ಲಿ ‘ಕಾರ್ಪೆಟ್ಟೋ ಬೀಜವೋ’ ಎಂಬ ಪ್ರಶ್ನೆ ಬಂದಾಗ ವಾಚಕರು ಎದ್ದುನಿಂತು ಮೂರು ಪ್ರಶ್ನೆಗಳನ್ನು ಕೇಳಲಿ. ನೆಲವನ್ನು ಒಂದು ಅಡಿ ಅಗೆದು ನೋಡಿದ್ದೀರಾ? ಮೇ ತಿಂಗಳಲ್ಲಿ ನೀರು ಎಲ್ಲಿಂದ? ಜೂನಿನವರೆಗೆ ಕಾಯಲು ಏನು ಅಡ್ಡಿ? ಇವಕ್ಕೆ ತೃಪ್ತಿಕರವಾದ ಉತ್ತರ ಬರುವವರೆಗೆ ಹಣ ಮಂಜೂರಾಗದಿರಲಿ. ಉತ್ತರ ಬಂದ ಮೇಲೆ, ಜೂನಿನ ಒಂದು ಭಾನುವಾರ, ಮಾಲಿಯೊಬ್ಬನನ್ನು ಮುಂದಿಟ್ಟುಕೊಂಡು ಸೊಸೈಟಿಯ ಮಕ್ಕಳೂ ದೊಡ್ಡವರೂ ಸೇರಿ ಕುಡಿ ನೆಟ್ಟರೆ ನೂರು ಚದರ ಮೀಟರ್ ನೆಲ ಒಂದೇ ದಿನದಲ್ಲಿ ಮುಗಿದೀತು. ಆ ಮಾಲಿಗೆ ದಿನಗೂಲಿಯನ್ನು ಕಡಿತಮಾಡದೆ ಕೊಡಲಿ. ಮಧ್ಯಾಹ್ನದ ಊಟವನ್ನೂ ಹಾ ಹಾಕಿಸಲಿ.